ಬೊಗಸೆ ನೀರಿನ ಲೆಕ್ಕ

ದುಡ್ಡು ಪೋಲು ಮಾಡುವವನನ್ನು ಕಂಡರೆ ‘ನೀರಿನ ಹಾಗೆ ಖರ್ಚು ಮಾಡ್ತಾನೆ’ ಅನ್ನುತ್ತೇವೆ. ಈ ಮಾತು ಯಾವುದೋ ಹೊಳೆದಂಡೆಯ ಊರಿನಲ್ಲಿ ಹುಟ್ಟಿರಬೇಕು, ನಮ್ಮ ಬೀದರಿನಲ್ಲಂತೂ ಅಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಸದ್ದು ಕೇಳಿ ಕೊಡ ಹಿಡಿದು ಓಡಿದವರು ನೀರನ್ನೇ ದುಡ್ಡಿನ ಹಾಗೆ ಎಣಿಸಿ ಖರ್ಚು ಮಾಡುತ್ತಾರೆ.

ಇದು ನೆನಪಾದದ್ದು ಉತ್ತರ ವರ್ಜೀನಿಯಾದ ಒಂದು ಇಸ್ಲಾಮಿಕ್ ಶಾಲೆಯಲ್ಲಿ, ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವ ವುಜೂ ಕೋಣೆಯ ಬಾಗಿಲಲ್ಲಿ. ಪಕ್ಕದ ಮನೆಯ ಕಲಬುರಗಿಯ ಭಾಭಿ ಮಗಳ ವಿಜ್ಞಾನ ಮೇಳಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಮಧ್ಯಾಹ್ನದ ಜುಹರ್ ನಮಾಜಿನ ಹೊತ್ತು. ಗೋಡೆಗುಂಟ ಸಾಲು ನಲ್ಲಿಗಳು, ಎದುರಿಗೆ ಕೂರಲು ಕಟ್ಟೆ. ನೀರು ಪೋಲು ಮಾಡಬೇಡಿ ಎಂದು ಮಕ್ಕಳೇ ಬಣ್ಣದಲ್ಲಿ ಬರೆದು ಅಂಟಿಸಿದ ಹಾಳೆ ಮೇಲೆ. ಅದರ ಕೆಳಗೇ ಒಬ್ಬಳು ತೋಳು ಮಡಚುತ್ತ, ಗೆಳತಿಯೊಡನೆ ಹರಟುತ್ತ, ನಲ್ಲಿಯನ್ನು ಪೂರ್ತಿ ಬಿಟ್ಟುಕೊಂಡು ಕೂತಿದ್ದಳು. ಭಾಭಿಯ ಮಗಳು ಮಾತ್ರ ಒಂದು ಹಳೆಯ ಜ್ಯೂಸ್ ಬಾಟಲಿಗೆ ನೀರು ತುಂಬಿಕೊಂಡು ಸಣ್ಣಗೆ ಸುರಿದುಕೊಳ್ಳುತ್ತಿದ್ದಳು. ಒಂದು ಬಾಟಲಿಯಲ್ಲಿ ವುಜೂ ಮುಗಿಯುತ್ತದೋ ಇಲ್ಲವೋ ಎಂಬುದೇ ಅವಳ ಪ್ರಯೋಗ.

ಧರ್ಮದ ಶಾಲೆ ಪರಿಸರದ ಪಾಠ ಹೇಳಬೇಕೇ ಎಂಬುದು ನನಗೆ ಅಂಥ ದೊಡ್ಡ ಪ್ರಶ್ನೆಯಲ್ಲ. ಹೇಳುವುದಾದರೆ ಎಲ್ಲಿ ಹೇಳಬೇಕು, ಪುಸ್ತಕದಲ್ಲೋ ನಲ್ಲಿಯ ಬುಡದಲ್ಲೋ ಎಂಬುದೇ ಪ್ರಶ್ನೆ.

ಪುಸ್ತಕಕ್ಕೇನೂ ಬರವಿಲ್ಲ. ಇಲ್ಲೇ ಪಕ್ಕದ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಮಾಡಿದ ಸೈಯದ್ ಹುಸೇನ್ ನಸ್ರ್ 1966ರಷ್ಟು ಹಿಂದೆಯೇ ಷಿಕಾಗೋದಲ್ಲಿ ಉಪನ್ಯಾಸ ಕೊಟ್ಟು, ನಿಸರ್ಗದ ಬಿಕ್ಕಟ್ಟು ಮೂಲತಃ ಮನುಷ್ಯನ ಒಳಗಿನ ಬಿಕ್ಕಟ್ಟು ಎಂದು ವಾದಿಸಿದ್ದರು. 2015ರಲ್ಲಿ ಇಸ್ತಾಂಬುಲ್‌ನಲ್ಲಿ ಹವಾಮಾನದ ಬಗ್ಗೆ ಇಸ್ಲಾಮಿಕ್ ಘೋಷಣೆ ಹೊರಬಿತ್ತು, 2024ರಲ್ಲಿ ‘ಅಲ್ ಮೀಜಾನ್’ ಎಂಬ ಒಡಂಬಡಿಕೆ ಬಂತು. ಭೂಮಿ ಮನುಷ್ಯನ ಕೈಗೆ ನಂಬಿ ಕೊಟ್ಟ ಅಮಾನತ್ತು ಎಂಬ ಮಾತು ಇವೆಲ್ಲದರಲ್ಲೂ ಇದೆ. ಅಪಾಯ ಇರುವುದೂ ಅಲ್ಲೇ. ‘ನಮ್ಮಲ್ಲಿ ಎಲ್ಲಾ ಮೊದಲೇ ಹೇಳಿಬಿಟ್ಟಿದ್ದಾರೆ’ ಅಂದುಕೊಂಡವನಿಗೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಇದನ್ನು ಬೇರೆಯವರಿಗೆ ಹೇಳುವ ಹಕ್ಕು ನನಗಿಲ್ಲ. ನದಿಗೆ ಬಾಗಿನ ಕೊಡುವ ನಾವೇ ವೃಷಭಾವತಿಯನ್ನು ಏನು ಮಾಡಿಟ್ಟಿದ್ದೇವೆ ನೋಡಿ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಆದರೆ ವುಜೂ ವಿಷಯದಲ್ಲಿ ಇಸ್ಲಾಮಿನ ಸಂಪ್ರದಾಯ ಉಪದೇಶಕ್ಕೆ ನಿಲ್ಲದೆ ಅಳತೆಯನ್ನೂ ಕೊಟ್ಟಿದೆ. ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವುಜೂ ಮುಗಿಸುತ್ತಿದ್ದರು, ಒಂದು ಸಾ, ಅಂದರೆ ನಾಲ್ಕು ಮುದ್ದ್, ಅಥವಾ ಅದಕ್ಕೆ ಸ್ವಲ್ಪ ಹೆಚ್ಚು ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದರು ಎಂದು ಹದೀಸ್‌ಗಳಲ್ಲಿ ಬರುತ್ತದೆ. ಮುದ್ದ್ ಎಂದರೆ ಎರಡೂ ಅಂಗೈ ಸೇರಿಸಿದರೆ ಹಿಡಿಯುವಷ್ಟು. ಕನ್ನಡದಲ್ಲಿ ಇದಕ್ಕೆ ಬೇರೆ ಪದ ಹುಡುಕಬೇಕಿಲ್ಲ: ಬೊಗಸೆ. ಲೀಟರಿಗೆ ಇಳಿಸಿದರೆ ಹೆಚ್ಚೂಕಡಿಮೆ ಮೂರರಲ್ಲಿ ಎರಡು ಪಾಲು. ಹರಿಯುವ ಹೊಳೆಯ ದಂಡೆಯಲ್ಲಿ ಕೂತಿದ್ದರೂ ಹೆಚ್ಚು ಸುರಿದುಕೊಂಡರೆ ಅದು ದುಂದೇ ಎಂಬ ಮಾತೂ ಇದೆ. ಇದು ನನಗೆ ತುಂಬ ಹಿಡಿಸಿದ ಮಾತು. ಹೊಳೆಗೆ ನಷ್ಟವೇನಿಲ್ಲ, ಸುರಿದ ನೀರು ಮತ್ತೆ ಹೊಳೆಗೇ ಸೇರುತ್ತದೆ. ಆದರೂ ದುಂದು. ಅಂದರೆ ಇಲ್ಲಿ ಉಳಿಸಬೇಕಾದದ್ದು ನೀರಲ್ಲ, ಕೈಯ ಅಭ್ಯಾಸ.

ಅಮೆರಿಕದ ಮನೆಬಳಕೆಯ ನಲ್ಲಿಗೆ ಕಾನೂನು ಹಾಕಿದ ಮಿತಿ ನಿಮಿಷಕ್ಕೆ 2.2 ಗ್ಯಾಲನ್, ಸುಮಾರು 8.3 ಲೀಟರ್. ಅರ್ಧ ತಿರುಗಿಸಿ ಎರಡು ನಿಮಿಷ ಬಿಟ್ಟರೂ ಒಂದು ವುಜೂಗೆ ಎಂಟು ಲೀಟರ್, ಹನ್ನೆರಡು ಬೊಗಸೆ. ಮುನ್ನೂರು ಮಕ್ಕಳ ಶಾಲೆಯಾದರೆ ದಿನಕ್ಕೆ 2,400 ಲೀಟರ್. ಬೊಗಸೆ ಲೆಕ್ಕದಲ್ಲಿ 200 ಸಾಕು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇಲ್ಲಿಯ ಪೊಟೋಮ್ಯಾಕ್ ನದಿಗೆ ಈ 2,200 ಲೀಟರಿನ ಉಳಿತಾಯ ಗೊತ್ತೂ ಆಗುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನಿಂದ ರಸ್ತೆಯವರೆಗೆ ಎಂಜಿನ್ ಆರಿಸದೆ ನಿಲ್ಲುವ ಕಾರುಗಳ ಸಾಲಿದೆಯಲ್ಲ, ನಿಜವಾದ ಪಾಪ ಅದು. ಸರ್ಕಾರಿ ಶಾಲೆಯ ಮಕ್ಕಳು ಹಳದಿ ಬಸ್ಸಿನಲ್ಲಿ ಹೋಗುತ್ತಾರೆ. ಇಲ್ಲಿನ ಮಕ್ಕಳು ಇಪ್ಪತ್ತು ಮೈಲಿ ದೂರದಿಂದಲೂ ಬರುತ್ತಾರೆ, ಒಂದೊಂದು ಮಗುವಿಗೆ ಒಂದೊಂದು ದೊಡ್ಡ ಗಾಡಿ. ನಮ್ಮ ಕನ್ನಡ ಕಲಿ ತರಗತಿಯದ್ದೂ ಇದೇ ಕತೆ ಬಿಡಿ.

ಹಾಗಿದ್ದರೆ ಬಾಟಲಿಯ ಪ್ರಯೋಗ ಬರೀ ಆಟವೇ? ಅಲ್ಲ ಎಂಬುದಕ್ಕೆ ಅಟ್ಲಾಂಟಾದ ಒಂದು ಘಟನೆ ನೆನಪಾಗುತ್ತದೆ. 2007ರ ಬರಗಾಲದಲ್ಲಿ ಲೇನಿಯರ್ ಜಲಾಶಯದ ನೀರು ತೀರಾ ಇಳಿದಾಗ ಜಾರ್ಜಿಯಾದ ಗವರ್ನರ್ ಸನ್ನಿ ಪರ್ಡ್ಯೂ ನವೆಂಬರ್ 13ರಂದು ರಾಜ್ಯದ ಶಾಸನಭವನದ ಮೆಟ್ಟಿಲ ಮೇಲೆ ನಿಂತು ಮಳೆಗಾಗಿ ಸಾಮೂಹಿಕ ಪ್ರಾರ್ಥನೆ ಮಾಡಿಸಿದರು. ಮುಸ್ಲಿಮರಲ್ಲಿ ಇದಕ್ಕೆ ಇಸ್ತಿಸ್ಕಾ ನಮಾಜ್ ಇದೆ, ನಮ್ಮಲ್ಲಿ ಕಪ್ಪೆ ಮದುವೆ. ಅದೇ ವರ್ಷ ಕಟಾಬಾ ನದಿಯ ನೀರಿಗಾಗಿ ದಕ್ಷಿಣ ಕ್ಯಾರೊಲಿನಾ ಉತ್ತರ ಕ್ಯಾರೊಲಿನಾದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು, 2010ರಲ್ಲಿ ರಾಜಿಯಾಯಿತು. ಕಾವೇರಿ ಜಗಳ ಕೇಳಿ ಬೆಳೆದವರಿಗೆ ಇದರಲ್ಲಿ ಹೊಸದೇನಿಲ್ಲ. ನೀರು ಬತ್ತಿದಾಗ ಎಲ್ಲ ಧರ್ಮಗಳೂ ಕೈ ಮುಗಿಯುತ್ತವೆ. ಆದರೆ ದಿನವೂ ನೀರು ಮುಟ್ಟಿಸಿ, ಅದೂ ಇಂತಿಷ್ಟೇ ಎಂದು ಅಳೆದು ಮುಟ್ಟಿಸಿ, ದೇವರ ಎದುರು ನಿಲ್ಲಿಸುವ ಕ್ರಮ ಸಿಕ್ಕಿದ್ದರೆ ಅದು ದೊಡ್ಡ ಆಸ್ತಿ. ಸರ್ಕಾರಿ ಶಾಲೆಯ ಮೇಷ್ಟರು ಬಿಲ್ ತೋರಿಸಬಹುದು, ಧ್ರುವಕರಡಿ ತೋರಿಸಬಹುದು. ನೀನು ಸುರಿದದ್ದಕ್ಕೆ ಒಂದು ದಿನ ಲೆಕ್ಕ ಕೊಡಬೇಕು ಎನ್ನುವಂತಿಲ್ಲ. ಈ ಶಾಲೆಯ ಮೇಷ್ಟರು ಎನ್ನಬಹುದು. ಹೆದರಿಕೆಯಿಂದ ಕಲಿತದ್ದು ನಿಲ್ಲುತ್ತದೆಯೇ ಎಂದು ಕೇಳಿದರೆ, ನಾನು ಅನ್ನ ಬಿಸಾಡದಿರಲು ಕಲಿತದ್ದೂ ಅಜ್ಜಿ ಹಾಕಿದ ಹೆದರಿಕೆಯಿಂದಲೇ.

ಪರಿಸರ ಉಳ್ಳವರ ಶೋಕಿ, ಛಾವಣಿ ಸೋರುವ ಶಾಲೆಗೆ ಅದು ಯಾಕೆ ಎನ್ನುವವರೂ ಇದ್ದಾರೆ. ವಾಷಿಂಗ್ಟನ್, ಅಟ್ಲಾಂಟಾಗಳಲ್ಲಿ ಆಫ್ರಿಕನ್ ಅಮೆರಿಕನ್ ಮುಸ್ಲಿಮರು ಕಟ್ಟಿದ ಕ್ಲಾರಾ ಮುಹಮ್ಮದ್ ಶಾಲೆಗಳ ಪರಂಪರೆ 1930ರ ದಶಕದ ಡೆಟ್ರಾಯಿಟ್‌ನಲ್ಲಿ ಬಡತನದ ನಡುವೆ ಶುರುವಾದದ್ದು. ಇಂಥ ಶಾಲೆಗಳು ಇಂದಿಗೂ ಫೀಸು, ದೇಣಿಗೆಗಳನ್ನೇ ನೆಚ್ಚಿಕೊಂಡಿವೆ. ಆದರೆ ಶೋಕಿ ಎನ್ನುವವರು ಉತ್ತರ ಕ್ಯಾರೊಲಿನಾದ ವಾರೆನ್ ಕೌಂಟಿಯನ್ನು ನೆನೆಯಬೇಕು. 1982ರಲ್ಲಿ ವಿಷಕಾರಿ ಪಿಸಿಬಿ ಬೆರೆತ ಮಣ್ಣನ್ನು ಅಲ್ಲಿ ತಂದು ಸುರಿದಾಗ ಲಾರಿಗಳ ಮುಂದೆ ಮಲಗಿದವರು ಬಡ ಕಪ್ಪು ಜನ. ಬಂಧನಕ್ಕೊಳಗಾದವರು ಐನೂರಕ್ಕೂ ಹೆಚ್ಚು. ಇನ್ನು ಖರ್ಚಿನ ಮಾತು. ವಾಷಿಂಗ್ಟನ್ನಿನ ‘ಗ್ರೀನ್ ಮುಸ್ಲಿಮ್ಸ್’ ಬಳಗ ಕಸವೇ ಉಳಿಯದ ಇಫ್ತಾರ್ ಕೂಟ ನಡೆಸಿ, ಮಕ್ಕಳನ್ನು ಕಾಡು ಹೊಳೆ ಸುತ್ತಿಸಿ ತೋರಿಸಿದೆ. ಮನೆಯಿಂದ ತಟ್ಟೆ ತರುವುದಕ್ಕೆ ದೇಣಿಗೆ ಎತ್ತಬೇಕಿಲ್ಲ.

ನನ್ನ ತಕರಾರು ಇರುವುದು ಕಟ್ಟಡದ ಬಗ್ಗೆ. ವಿಜಯಪುರದ ಜಾಮಿಯಾ ಮಸೀದಿಯ ಅಂಗಳದಲ್ಲಿ ಒಂದು ಹೌಜ್ ಇದೆ. ಅಂಥ ಕೊಳದ ಅಂಚಿನಲ್ಲಿ ಕೂತರೆ ನೀರು ತಾನಾಗಿ ಬರುವುದಿಲ್ಲ, ಕೈಯಲ್ಲಿ ಎತ್ತಿಕೊಳ್ಳಬೇಕು. ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿದ ನಮ್ಮ ಬೀದರಿನಲ್ಲೇ, ನೌಬಾದಿನ ಬಳಿ, ಬಹಮನಿ ಕಾಲದ ಕರೇಜ್ ಇದೆ. ಜಂಬಿಟ್ಟಿಗೆಯನ್ನು ಕೊರೆದು ಮಾಡಿದ ನೆಲದಡಿಯ ಕಾಲುವೆ, ಮೇಲೆ ಅಲ್ಲಲ್ಲಿ ಬಾವಿಯಂಥ ಕಿಂಡಿ, ಬಿಸಿಲಿಗೆ ಆವಿಯಾಗದೆ ಇಳಿಜಾರಿನಲ್ಲಿ ಸದ್ದಿಲ್ಲದೆ ಹರಿಯುವ ನೀರು. ಅದನ್ನು ಕಟ್ಟಿದವರು ಗೋಡೆಗೆ ಹಾಳೆ ಅಂಟಿಸಲಿಲ್ಲ. ಮಿತವ್ಯಯ ಕಲ್ಲಿನಲ್ಲೇ ಇತ್ತು. ಹಳೆ ಆಫೀಸು, ಗೋದಾಮು ಕೊಂಡು ಶಾಲೆ ಮಾಡುವವರು ಹೌಜ್ ತೋಡಲಾರರು, ನಿಜ. ಒತ್ತಿದಷ್ಟು ಹೊತ್ತು ಮಾತ್ರ ಬಿಡುವ ನಲ್ಲಿ ಕೂರಿಸಬಹುದು. ಒಂದೊಂದು ನಲ್ಲಿಯ ಪಕ್ಕ ಒಂದು ಮುದ್ದ್ ಹಿಡಿಯುವ ಚೊಂಬು ಇಡಬಹುದು, ಹಾಳೆಯನ್ನು ಕಿತ್ತುಹಾಕಬಹುದು.

ಮೇಳದಲ್ಲಿ ಭಾಭಿಯ ಮಗಳಿಗೆ ಬಹುಮಾನವೇನೂ ಬರಲಿಲ್ಲ, ಜ್ವಾಲಾಮುಖಿ ಮಾಡಿದವನಿಗೆ ಬಂತು. ಕಾರಿನಲ್ಲಿ ಬರುವಾಗ ಅವಳು ನನಗೆ ಸವಾಲು ಹಾಕಿದಳು, ‘ಅಂಕಲ್, ನೀವೂ ಮಾಡಿ ನೋಡಿ.’ ಅದೇ ಬಾಟಲಿ ಕೈಗಿತ್ತಳು. ರಾತ್ರಿ ಬಚ್ಚಲಲ್ಲಿ ಅವಳು ಹೇಳಿಕೊಟ್ಟ ಕ್ರಮದಲ್ಲೇ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ತಲೆ, ಬಲಗಾಲು ಅಂತ ಬಂದೆ. ಎಡಗಾಲಿಗೆ ಬರುವಷ್ಟರಲ್ಲಿ ಬಾಟಲಿ ಖಾಲಿ.