ಮೇಗುಟಿಯ ಶಾಸನ ಮತ್ತು ಎರಡು ‘ಮೈಸೂರು’ಗಳು

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುಟಿ ಬೆಟ್ಟವನ್ನೇರಿದವರಿಗೆ ಕಾಣುವುದು ಮಲಪ್ರಭೆಯ ಬಯಲೇ ಹೊರತು ಕಡಲಲ್ಲ. ಅರಬ್ಬಿ ಸಮುದ್ರ ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಕನ್ನಡ ಅರಸರ ನೌಕಾಪಡೆಯೊಂದರ ಬಹು ಹಳೆಯ ದಾಖಲೆ ಇರುವುದು ಈ ಬೆಟ್ಟದ ಮೇಲಿನ ಜಿನಾಲಯದ ಗೋಡೆಯಲ್ಲಿ. ಕ್ರಿ.ಶ. 634-35ರಲ್ಲಿ ರವಿಕೀರ್ತಿ ಬರೆದ ಆ ಶಾಸನದ ಪ್ರಕಾರ, ಬಾದಾಮಿಯ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯೆನಿಸಿದ ‘ಪುರಿ’ಯನ್ನು ಮದಗಜಗಳಂಥ ನೂರಾರು ನೌಕೆಗಳಿಂದ ಮುತ್ತಿದನು. ಕೊಂಕಣದ ಮೌರ್ಯರ ಆ ಪಟ್ಟಣವನ್ನು ಕೆಲವು ವಿದ್ವಾಂಸರು ಮುಂಬಯಿ ಬಳಿಯ ಘಾರಾಪುರಿಯೆಂದೂ ಇನ್ನು ಕೆಲವರು ರಾಜಾಪುರಿಯೆಂದೂ ಗುರುತಿಸುತ್ತಾರೆ.

ಭಾರತೀಯ ನೌಕಾಪಡೆ ತನ್ನ ಹಳೆಯ ಹೆಸರುಗಳನ್ನು ಹೊಸ ಹಡಗುಗಳಿಗೆ ಮತ್ತೆ ಮತ್ತೆ ಇಡುತ್ತಿರುವುದನ್ನು ನೋಡಿದಾಗಲೆಲ್ಲ ನನಗೆ ಈ ಶಾಸನ ನೆನಪಾಗುತ್ತದೆ. 1997ರಲ್ಲಿ ನಿವೃತ್ತವಾದ ‘ವಿಕ್ರಾಂತ್’ 2022ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ಮರುಹುಟ್ಟು ಪಡೆಯಿತು. 1971ರ ಡಿಸೆಂಬರಿನಲ್ಲಿ ಮುಳುಗಿದ ‘ಖುಕ್ರಿ’ಯ ಹೆಸರು 1989ರಲ್ಲಿ ಇನ್ನೊಂದು ನೌಕೆಗೆ ಬಂತು. ‘ವಿಂಧ್ಯಗಿರಿ’ಯದು ಕನ್ನಡಿಗರಿಗೆ ಇನ್ನೂ ಹತ್ತಿರದ ಕಥೆ. ಅದೇ ಹೆಸರಿನ ಹಿಂದಿನ ನೌಕೆ 2011ರ ಜನವರಿಯಲ್ಲಿ ಸರಕು ಹಡಗೊಂದಕ್ಕೆ ಡಿಕ್ಕಿಯಾಗಿ, ಬೆಂಕಿ ಹತ್ತಿ, ಮುಂಬಯಿ ಬಂದರಿನಲ್ಲೇ ಮುಳುಗಿತು. 2023ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ಅದರ ಉತ್ತರಾಧಿಕಾರಿಯನ್ನು ನೀರಿಗಿಳಿಸಿದಾಗ, ಈ ಹೆಸರು ಕರ್ನಾಟಕದ ಗಿರಿಯದೆಂದು ಸರ್ಕಾರವೇ ಹೇಳಿತು.

ನಾವಿಕರು ಇದನ್ನು ಬರಿಯ ವಿಧಿಯೆಂದು ಎಣಿಸುವುದಿಲ್ಲ. ಹೆಸರಿನೊಂದಿಗೆ ಲಾಂಛನವೂ ಸಾಹಸದ ನೆನಪೂ ಹೊಸ ಸಿಬ್ಬಂದಿಗೆ ದಾಟಿ ಬರುತ್ತವೆ. ಬಾಗಲಕೋಟೆಯವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಪೇಟೆಗಳನ್ನು ನುಂಗಿತು, ಜನ ನವನಗರಕ್ಕೆ ಹೋದರು, ಊರಿನ ಹೆಸರು ಮಾತ್ರ ಅವರ ಬೆನ್ನುಬಿಡದೆ ಹೋಯಿತು.

ಆದರೆ ದಾಟಿ ಬರುವ ಹೆಸರಿನ ಅರ್ಥ ಅದೇ ಆಗಿ ಉಳಿಯುತ್ತದೆಯೇ? ‘ಮೈಸೂರು’ ನೌಕೆಯನ್ನೇ ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ‘ನೈಜೀರಿಯಾ’ ಎಂಬ ಹೆಸರಿನಲ್ಲಿ ಕಾದಾಡಿದ್ದ ಬ್ರಿಟಿಷ್ ಕ್ರೂಸರನ್ನು ಭಾರತ 1954ರಲ್ಲಿ ಕೊಂಡಿತು. ದುರಸ್ತಿಯ ನಂತರ ಅದು 1957ರ ಆಗಸ್ಟ್ 29ರಂದು ‘ಮೈಸೂರು’ ಆಗಿ ಸೇವೆಗೆ ಸೇರಿತು. ವಿಜಾಪುರ ಜಿಲ್ಲೆಯೊಂದಿಗೆ ಬಾದಾಮಿ, ಹುನಗುಂದ, ಇಳಕಲ್ಲುಗಳು ಮುಂಬಯಿ ಪ್ರಾಂತದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿ ಆಗ ಹತ್ತು ತಿಂಗಳಾಗಿತ್ತು, ಅಷ್ಟೆ. ಏಕೀಕರಣಕ್ಕಾಗಿ ಹೋರಾಡಿದ ನಮ್ಮ ಕಡೆಯ ಹಿರಿಯರಿಗೆ ರಾಜ್ಯದ ಆ ಹೆಸರು ಒಗ್ಗಿರಲಿಲ್ಲ. ಇಳಕಲ್ಲಿನ ಶಾಲೆಯಲ್ಲಿ ನಾವು ಪತ್ರದ ವಿಳಾಸದ ಕೊನೆಗೆ ‘ಮೈಸೂರು ರಾಜ್ಯ’ ಎಂದು ಬರೆದರೆ ಮನೆಯಲ್ಲಿ ಹುಬ್ಬುಗಳು ಗಂಟಿಕ್ಕುತ್ತಿದ್ದವು. 1971ರ ಯುದ್ಧದಲ್ಲಿ ಅದೇ ಹೆಸರಿನ ಹಡಗು ಪಶ್ಚಿಮ ನೌಕಾದಳದ ಧ್ವಜನೌಕೆಯಾದಾಗ ಅದೇ ಹಿರಿಯರು ಹೆಮ್ಮೆಪಟ್ಟರು ಎಂಬುದೂ ಅಷ್ಟೇ ನಿಜ.

1973ರಲ್ಲಿ ರಾಜ್ಯ ‘ಕರ್ನಾಟಕ’ವಾಯಿತು. ಹಡಗು ಹಳೆಯ ಹೆಸರಿನಲ್ಲೇ 1985ರವರೆಗೆ ದುಡಿದು ಇಳಿಯಿತು. 1999ರ ಜೂನ್ 2ರಂದು, ಕಾರ್ಗಿಲ್ ಕದನ ನಡೆಯುತ್ತಿದ್ದಾಗಲೇ, ಮುಂಬಯಿಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ಎರಡನೆಯ ‘ಮೈಸೂರು’ ಸೇವೆಗೆ ಬಂತು. ಮೊದಲನೆಯದರ ಸಂಖ್ಯೆ 60, ಇದರದೂ 60, ಲಾಂಛನ ಗಂಡಭೇರುಂಡ. 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ಇಪ್ಪತ್ತಮೂರು ಕಡಲ್ಗಳ್ಳರನ್ನು ಹಿಡಿದದ್ದು ಈ ನೌಕೆಯೇ. ಆದರೆ ಈ ಸಾಲಿನ ನೌಕೆಗಳಲ್ಲಿ ಇದರ ಜೊತೆಗಾರರು ದೆಹಲಿ ಮತ್ತು ಮುಂಬೈ. ಎಂದರೆ ಈಗಿನ ‘ಮೈಸೂರು’ ಒಂದು ನಗರ ಮಾತ್ರ. ನಮ್ಮ ಹಿರಿಯರು ಮುನಿಸಿಕೊಂಡಿದ್ದ ರಾಜ್ಯದ ಹೆಸರಲ್ಲ. ಇಂಗ್ಲಿಷಿನಲ್ಲಿ ಆ ನಗರದ ಕಾಗುಣಿತ 2014ರಲ್ಲಿ ಬದಲಾದರೂ ಹಡಗಿನದು ಬದಲಾಗಲಿಲ್ಲ.

ನನ್ನ ತಕರಾರು ಮೈಸೂರಿನ ಮೇಲಲ್ಲ. ಹೆಸರುಗಳನ್ನು ಮರುಬಳಸುವ ಪದ್ಧತಿಗೆ ಒಂದು ಅಡ್ಡಪರಿಣಾಮವಿದೆ: ಒಮ್ಮೆ ಪಟ್ಟಿ ಸೇರಿದ ಹೆಸರಿಗೆ ಪುನರ್ಜನ್ಮವುಂಟು, ಸೇರದ ಹೆಸರಿಗೆ ಮೊದಲ ಜನ್ಮವೇ ದುರ್ಲಭ. ಕಾರವಾರದ ಹೆಸರೂ ಎರಡು ಸುರಂಗನಿವಾರಕ ನೌಕೆಗಳಿಗೆ ಸಂದಿತು. ಎರಡನೆಯದು 2017ರಲ್ಲಿ ನಿವೃತ್ತವಾಯಿತು. ಅಲ್ಲಿನ ನೆಲೆಗೆ 2005ರಲ್ಲಿ ಕದಂಬರ ಹೆಸರು ಬಂತು. ಬಂದರುಗಳು, ರಾಜಧಾನಿಗಳು, ಪರ್ವತಗಳು ಆದವು. ಒಳನಾಡಿನ ಬಾದಾಮಿ ಯಾರ ಗಮನಕ್ಕೂ ಬರಲಿಲ್ಲ. ಒಳನಾಡು ಎಂಬುದು ನೆಪವಾಗಲಾರದು; ಗುಡ್ಡಗಾಡಿನ ಇಂಫಾಲದ ಹೆಸರು 2023ರ ಡಿಸೆಂಬರಿನಲ್ಲಿ ವಿಧ್ವಂಸಕ ನೌಕೆಯೊಂದಕ್ಕೆ ಸಂದು, ಈಶಾನ್ಯ ಭಾರತಕ್ಕೆ ಮೊದಲ ಬಾರಿ ಆ ಗೌರವ ದೊರೆಯಿತು.

ಇದಕ್ಕೊಂದು ಪ್ರಬಲ ಆಕ್ಷೇಪ ಇದೆ, ಅದನ್ನು ಮುಚ್ಚಿಡಲಾರೆ. ರವಿಕೀರ್ತಿ ಆಸ್ಥಾನಕವಿ, ತನ್ನನ್ನು ಕಾಳಿದಾಸ, ಭಾರವಿಯರಿಗೆ ಸಮನೆಂದುಕೊಂಡವನು. ಅವನ ‘ನೂರಾರು’ ನೌಕೆಗಳನ್ನು ಎಣಿಸಿದವರಿಲ್ಲ. ಮೇಲಾಗಿ ಪುಲಕೇಶಿ ಮುತ್ತಿದ ಪುರಿ ಇಂದಿನ ಮಹಾರಾಷ್ಟ್ರದ ಕರಾವಳಿಯದು. ಎರಡು ರಾಜ್ಯಗಳು ಗಡಿಗಾಗಿ ಕಚ್ಚಾಡುತ್ತಿರುವಾಗ ಒಬ್ಬರ ದಂಡಯಾತ್ರೆಯನ್ನು ಇನ್ನೊಬ್ಬರ ಬಂದರಿನಲ್ಲಿ ಮೆರೆಸುವುದು ವಿವೇಕವೇ? ಅರಸನ ಹೆಸರಿಗಿಂತ ಊರಿನ ಹೆಸರು ವಾಸಿಯೆಂದು ನನಗನ್ನಿಸುವುದು ಇದಕ್ಕಾಗಿಯೇ. ‘ಬಾದಾಮಿ’ ಎಂದರೆ ಯಾರ ಸೋಲೂ ನೆನಪಾಗುವುದಿಲ್ಲ. ‘ಐಹೊಳೆ’ ಎಂದರೆ ಶಿಲ್ಪಿಗಳ ಉಳಿಯಷ್ಟೇ ನೆನಪಾದೀತು.

ಈ ನಡುವೆ ಕಾರವಾರದಲ್ಲೇ ಒಂದು ವಿಚಿತ್ರ ಸಂಗತಿಯಿದೆ. 2014ರ ಜನವರಿಯಲ್ಲಿ ರಷ್ಯಾದಿಂದ ಅಲ್ಲಿಗೆ ಬಂದ ವಿಮಾನವಾಹಕ ನೌಕೆಯ ಹೆಸರು ‘ವಿಕ್ರಮಾದಿತ್ಯ’. ಪಲ್ಲವರಿಗೆ ಕೈತಪ್ಪಿದ್ದ ಬಾದಾಮಿಯನ್ನು ಮರಳಿ ಗೆದ್ದ ಪುಲಕೇಶಿಯ ಮಗನ ಹೆಸರೂ ಅದೇ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಯಾರ ಗೆಲುವಿನ ನೆನಪಿಗೆ ಎದ್ದಿತೋ ಆ ಅರಸನ ಹೆಸರೂ ಅದೇ. ನೌಕಾಪಡೆ ಆ ಹೆಸರಿಟ್ಟಾಗ ಬಾದಾಮಿಯನ್ನು ನೆನೆದಿತ್ತೆಂದು ಹೇಳುವ ಧೈರ್ಯ ನನಗಿಲ್ಲ.