ದೊಡ್ಡಪ್ಪ ಮೆಕಾಲೆ ಪಾರಾದ ರಾತ್ರಿ
ನಮ್ಮ ಪಠ್ಯಪುಸ್ತಕಗಳಿಗೆ 1857ರ ಹಿಂದಿನ ದಂಗೆಗಳೆಂದರೆ ಅಷ್ಟಕ್ಕಷ್ಟೇ. ಅಂಥದೊಂದು ದಂಗೆಯ ಕಥೆಯಿದು. ವರ್ಷಕ್ಕೆ ಎಂಟು ಲಕ್ಷ ರೂಪಾಯಿ ಕೇಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ 1805ರ ಒಪ್ಪಂದಕ್ಕೆ ರೋಸಿಹೋದ ತಿರುವಾಂಕೂರಿನ ದಿವಾನ ವೇಲು ತಂಬಿ, ಕೊಚ್ಚಿಯ ಮಂತ್ರಿ ಪಾಲಿಯತ್ ಅಚ್ಚನ್ ಜೊತೆ ಕೈಜೋಡಿಸಿದ. 1808ರ ಡಿಸೆಂಬರ್ ಕೊನೆಗೆ ಕೊಚ್ಚಿಯಲ್ಲಿ ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟ್ ಕಾಲಿನ್ ಮೆಕಾಲೆಯ ಮನೆಗೆ ರಾತ್ರೋರಾತ್ರಿ ದಾಳಿಯಾಯಿತು. ಆಸಾಮಿ ಹೇಗೋ ತಪ್ಪಿಸಿಕೊಂಡು ಹಡಗು ಸೇರಿದ. (ನಾವು ದಿನಾ ಬಯ್ಯುವ ಇಂಗ್ಲಿಷ್ ಶಿಕ್ಷಣದ ಮೆಕಾಲೆಗೆ ಈತ ದೊಡ್ಡಪ್ಪ!) ಆದರೆ 1809ರ ಫೆಬ್ರವರಿ 10ರಂದು ಕಂಪನಿ ಪಡೆ ಕತ್ತಲಲ್ಲಿ ಬೆಟ್ಟ ಹತ್ತಿ ಆರಲ್ವಾಯ್ಮೊಳಿ ಕಣಿವೆಯ ಕೋಟೆಸಾಲನ್ನು ಹಿಡಿದದ್ದೇ ತಡ, ಯುದ್ಧ ಮುಗಿದಂತಾಯಿತು. ಅಚ್ಚನ್ ಶರಣಾದ, ತಂಬಿ ಮಣ್ಣಡಿಯಲ್ಲಿ ಪ್ರಾಣಬಿಟ್ಟ. ಶವವನ್ನೂ ಬಿಡದೆ ತಿರುವನಂತಪುರದ ಕಣ್ಣಮ್ಮೂಲದಲ್ಲಿ ನೇತುಹಾಕಿದ್ದು ಗೆದ್ದವರ ಸಣ್ಣತನ. ಅದೇ ಊರಿನ ಸೆಕ್ರೆಟರಿಯೇಟ್ ಎದುರು ಈಗ ತಂಬಿಯ ಪ್ರತಿಮೆಯಿದೆ.