ಟೊಂಕದ ಗುಳಿಗಿ: ಹೆಸರು ಕೇಳದೇ ನುಂಗಬ್ಯಾಡ್ರಿ

(1/5)
ದೋಸ್ತರೇ, ಮೊಬೈಲ್ ತಗೋಬೇಕಾದ್ರ ಬ್ಯಾಟರಿ ಎಷ್ಟು, ಕ್ಯಾಮೆರಾ ಎಷ್ಟು ಅಂತ ಹತ್ತು ಸಲ ಕೇಳ್ತೀರಿ. ಅವ್ವಗ ಟೊಂಕ ಹಿಡಕೊಂಡಾಗ ತಂದ ಗುಳಿಗಿಯೊಳಗ ಏನದ ಅಂತ ಒಂದು ಸಲನಾದ್ರೂ ಕೇಳೀರೇನು? ನಮ್ಮ ಗುಂಜಹಳ್ಳಿ ಇರಲಿ, ಮಾನ್ವಿ ಇರಲಿ, ದೇವದುರ್ಗ ಇರಲಿ, ಭತ್ತ ಹಚ್ಚೋ ದಿನ, ಹತ್ತಿ ಬಿಡಿಸೋ ದಿನ ಬಂದ್ರ ಒಂದೇ ಮಾತು: "ಟೊಂಕ ಹಿಡದದ, ಎರಡು ಗುಳಿಗಿ ಕೊಡ್ರಿ." ಪಟ್ಟಿ ಕತ್ತರಿಸಿ ಕಾಗದದಾಗ ಸುತ್ತಿದ್ರ ಮುಗೀತು. ಹೆಸರಿಲ್ಲ, ಎಕ್ಸ್‌ಪೈರಿ ದಿನಾಂಕ ಇಲ್ಲ. ಇದು ನಿಲ್ಲಬೇಕು.

(2/5) ಒಳಗ ಏನದ?
ಇಂಥ ಗುಳಿಗಿ ಬಹಳಷ್ಟು ಸಲ ಒಂದು ಔಷಧ ಅಲ್ಲ, ಎರಡು ಮೂರು ಕೂಡಿದ್ದು. ನೋವು, ಬಾವಿಗೆ ಅಸಿಕ್ಲೋಫೆನ್ಯಾಕ್ ಅಥವಾ ಡೈಕ್ಲೋಫೆನ್ಯಾಕ್. ಜೊತೆಗೆ ಪ್ಯಾರಾಸಿಟಮಾಲ್. ಬಿಗಿದ ಸ್ನಾಯು ಸಡಿಲಾಗಲಿ ಅಂತ ಟಿಜಾನಿಡಿನ್, ಕ್ಲೋರ್‌ಜೋಕ್ಸಜೋನ್ ಅಥವಾ ಥಯೋಕಾಲ್ಚಿಕೋಸೈಡ್. ಟಿಜಾನಿಡಿನ್ ಕೆಲಸ ಮಾಡೋದು ಸ್ನಾಯುವಿನೊಳಗಲ್ಲ, ನರಮಂಡಲದಾಗ. ಅದಕ್ಕ ನಿದ್ದಿ ಬರ್ತದ, ತಲಿ ತಿರುಗ್ತದ, ಬಿಪಿ ಇಳೀತದ. ಅದನ್ನ ನುಂಗಿ ಟ್ರ್ಯಾಕ್ಟರ್ ಹತ್ತಿದ್ರ ಗತಿ ಏನು?

(3/5) "ಎರಡು ಕೂಡಿದ್ರ ಡಬಲ್ ಪವರ್" ಅನ್ನೋರಿಗೆ
2019ರಲ್ಲಿ ಅಮೆರಿಕದ ಒಂದು ಪ್ರಯೋಗ ಪ್ರಕಟ ಆಯ್ತು. ಹೊಸದಾಗಿ ಟೊಂಕನೋವು ಬಂದ 320 ಮಂದಿಗೂ ಐಬುಪ್ರೊಫೆನ್ ಕೊಟ್ರು. ಕೆಲವರಿಗೆ ಜೊತೆಗೆ ಟಿಜಾನಿಡಿನ್‌ನಂಥ ಸ್ನಾಯು ಸಡಿಲಿಸೋ ಔಷಧ, ಉಳಿದವರಿಗೆ ಔಷಧವೇ ಇಲ್ಲದ ಖಾಲಿ ಗುಳಿಗಿ. ವಾರದ ನಂತರ ಎಲ್ಲರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ರು. ಬೇರೆ ಕೆಲವು ಪ್ರಯೋಗದಾಗ ಜೋಡಿಗೆ ಲಾಭ ಕಂಡದ್ದೂ ಖರೆ. ಅಂದ್ರ ಜೋಡಿ ಬೇಕೋ ಬ್ಯಾಡೋ ಅಂತ ಪರೀಕ್ಷೆ ಮಾಡಿದ ಡಾಕ್ಟರ್ ಹೇಳಬೇಕು, ಕೌಂಟರ್ ಅಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಜೋಡಿ ಔಷಧ ನಿಷೇಧ ಮಾಡ್ತು. ಅಸಿಕ್ಲೋಫೆನ್ಯಾಕ್ 50 ಮಿ.ಗ್ರಾಂ, ಪ್ಯಾರಾಸಿಟಮಾಲ್ 125 ಮಿ.ಗ್ರಾಂ ಕೂಡಿದ ಗುಳಿಗಿನೂ ಅದರಾಗ ಇತ್ತು. ಎಲ್ಲಾ ಜೋಡಿ ಕೆಟ್ಟದ್ದಲ್ಲ, ಆದ್ರ ಎಲ್ಲಾ ಜೋಡಿನೂ ನೆಟ್ಟಗಿಲ್ಲ.

(4/5) ಇವು ನೆನಪಿರಲಿ ⚠️
🔴 ಭೇದಿಗೆ ಸಿಪ್ರೊಫ್ಲಾಕ್ಸಸಿನ್, ಟೊಂಕಕ್ಕ ಟಿಜಾನಿಡಿನ್: ಎರಡೂ ಒಟ್ಟಿಗೆ ಕೂಡದು. ರಕ್ತದಾಗ ಟಿಜಾನಿಡಿನ್ ಹಲವು ಪಟ್ಟು ಏರಿ ಬಿಪಿ ಕುಸೀತದ.
🔴 ಡೈಕ್ಲೋಫೆನ್ಯಾಕ್ ಸೂಜಿ ಮಾಡಿಸ್ಕೊಂಡು ಮ್ಯಾಲೆ ಅಸಿಕ್ಲೋಫೆನ್ಯಾಕ್ ಗುಳಿಗಿ: ಎರಡೂ ಒಂದೇ ಜಾತಿ. ಹೊಟ್ಟಿ ಹುಣ್ಣಿನ ಅಪಾಯ ಹೆಚ್ಚು.
🔴 ನಮ್ಮ ಬ್ಯಾಸಿಗಿ ಬಿಸಿಲಾಗ ಬೆವರು ಸುರಿಸಿ, ನೀರು ಕುಡೀದೇ ಈ ಗುಳಿಗಿ ನುಂಗಿದ್ರ ಹೊಡತ ಕಿಡ್ನಿಗೆ.
🔴 ಥಯೋಕಾಲ್ಚಿಕೋಸೈಡ್ ಬಸುರಿ ಹೆಣ್ಮಕ್ಕಳಿಗೆ ಬ್ಯಾಡ. ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಇದರ ಗುಳಿಗಿಗೆ 7 ದಿನದ ಮಿತಿ ಹಾಕ್ಯದ.

(5/5) "ಕೂಲಿ ತಪ್ಪಿದ್ರ ಒಲಿ ಹತ್ತಲ್ಲ" ಅನ್ನೋರಿಗೆ
ಖರೆ ಮಾತು. ಅದಕ್ಕ ನಾನು "ರೆಸ್ಟ್ ತಗೋರಿ" ಅಂತ ಹೇಳಿ ಕೈ ತೊಳಕೊಳ್ಳಲ್ಲ. ಆದ್ರ ಕಿಡ್ನಿ ಹೋಗಿ ವಾರಕ್ಕ ಎರಡು ಮೂರು ಸಲ ಡಯಾಲಿಸಿಸ್‌ಗೆ ಅಲೆದಾಡೋ ಪಾಳಿ ಬಂದ್ರ, ಆ ದಿನದ ಕೂಲಿ ಯಾರು ಕೊಡ್ತಾರ? ಅವ್ವ, ಅಪ್ಪಗ ಪಟ್ಟಿ ಮ್ಯಾಲಿನ ಸಣ್ಣ ಅಕ್ಷರ ಓದೋಕೆ ಆಗಲಿಕ್ಕಿಲ್ಲ. ನಮಗ ಆಗ್ತದ. ಓದು ಕಲ್ತದ್ದು ಮತ್ತೆ ಯಾತಕ್ಕ?

ಈ ವಾರ ಮನಿಯಾಗಿನ ಗುಳಿಗಿ ಡಬ್ಬಿ ತೆಗೀರಿ. ಹೆಸರಿಲ್ಲದ ತುಂಡು ಪಟ್ಟಿ ಬಿಸಾಕ್ರಿ. ಮೆಡಿಕಲ್‌ನಾಗ ಹೆಸರು, ಬಿಲ್ಲು ಕೇಳ್ರಿ. ಬೇರೆ ಯಾವ ಗುಳಿಗಿ ನಡದದ ಅಂತ ಡಾಕ್ಟರಿಗೆ ತೋರಿಸ್ರಿ. ಟೊಂಕನೋವಿನ ಜೊತೆ ಕಾಲು ಜೋಮು ಹಿಡಿದ್ರ, ಉಚ್ಚಿ ಹಿಡಿತ ತಪ್ಪಿದ್ರ, ಜ್ವರ ಬಂದ್ರ ಗುಳಿಗಿ ಹುಡುಕಬ್ಯಾಡ್ರಿ, ಅವತ್ತೇ ದವಾಖಾನಿಗೆ ಓಡ್ರಿ.

ಮನಿ ಡಬ್ಬಿಯಾಗ ಏನು ಸಿಕ್ತು? ಹೆಸರು ಕಮೆಂಟ್ ಮಾಡ್ರಿ 👇
#ಹೆಸರುಕೇಳ್ರಿ #ಟೊಂಕದಗುಳಿಗಿ #ನಮ್ಮರಾಯಚೂರು #ಗುಂಜಹಳ್ಳಿ